ಇನ್‌ಸ್ಪೆಕ್ಟರ್ ಮೇಡಂಗೆ ಉಡಿ ತುಂಬಿದ್ದು

“ಆ ಮಗ್ ಮುಟ್ಟಬೇಡ ಕಣೇ. ನಿಂದು ಹೊರಗೆ ನೇತಾಡ್ತಿದೆಯಲ್ಲ, ಕಣ್ಣಿಲ್ವಾ?”

ಮುಕುಂದ ಗದರಿದ್ದಕ್ಕೆ ಗಿರಿಜವ್ವ ಚಾಚಿದ ಕೈ ಹಿಂದಕ್ಕೆಳೆದುಕೊಂಡಳು. ಕೂಲಿಯವರ ಮಗ್ಗುಗಳಿಗೆ ಕ್ಯಾಬಿನ್ನಿನ ಹೊರಗೋಡೆಯ ಮೊಳೆಗಳೇ ಗತಿ. ವಿಜಯಪುರದ ಕಡೆಯ ಅವಳ ಊರಿನ ಹೋಟೆಲಿನಲ್ಲೂ ಅವಳ ಕೇರಿಯವರ ಲೋಟ ಹೀಗೇ ಹೊರಗಿರುತ್ತಿತ್ತು. ಅಲ್ಲಿ ಅದಕ್ಕೆ ಹೆಸರು ಹೇಳಲು ಎಲ್ಲರೂ ನಾಚುತ್ತಿದ್ದರು. ಇಲ್ಲಿ ಇಂಗ್ಲಿಷರ ನಾಡಿನ ಹೌನ್ಸ್ಲೋದಲ್ಲಿ ಮೈಸೂರಿನ ಮುಕುಂದ ನಾಚಿಕೆಯಿಲ್ಲದೆ ‘ಹೆಲ್ತ್ ಅಂಡ್ ಸೇಫ್ಟಿ’ ಎಂದು ಹೆಸರಿಟ್ಟಿದ್ದ.

ಜಲ್ಲಿ ತೆಗೆದು ತೆಗೆದು ಬರಿದಾದ ಗಣಿ ಅದು. ಅಗೆದ ಕಂಪನಿಯೇ ಹೊಂಡ ಸರಿಮಾಡಿ, ಗಿಡ ನೆಟ್ಟು, ಹಕ್ಕಿಪಕ್ಷಿಗೆ ನೆಲೆ ಮಾಡಿಕೊಟ್ಟು ಹೋಗಬೇಕೆಂಬುದು ಕರಾರು. ಆ ಕೆಲಸದ ಗುತ್ತಿಗೆ ಮುಕುಂದನದು. ವೀಸಾದ ಜುಟ್ಟು ಅವನ ಕೈಯಲ್ಲಿದ್ದುದರಿಂದ ಗಿರಿಜವ್ವನೂ ಜೊತೆಗಾರ ನಿಜಲಿಂಗಪ್ಪನೂ ಅವನು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದರು.

ಅವತ್ತು ಅವನು ಹೇಳಿದ್ದು, ಗೂಡುಗಳ ಬಾಯಿಗೆ ಚಿಂದಿ ತುರುಕಿ ಮೇಲೆ ಕೆಸರು ಮೆತ್ತಲು. ಹೊಂಡದ ಮರಳುಗೋಡೆಯಲ್ಲಿ ಗುಬ್ಬಿಗಿಂತ ಸಣ್ಣ ಕಂದುಹಕ್ಕಿಗಳು ತೂತು ಕೊರೆದು ಮರಿ ಮಾಡಿದ್ದವು.

“ಇವತ್ತು ಗಣಿ ನೋಡೋಕೆ ಬರೋ ಇನ್‌ಸ್ಪೆಕ್ಟರ್ ಕಣ್ಣಿಗೆ ಗೂಡು ಬಿತ್ತೋ, ಮರಿ ಹಾರೋವರೆಗೂ ಗೋಡೆ ಮುಟ್ಟೋ ಹಾಗಿಲ್ಲ. ಬೀಳದಿದ್ರೆ ನಾಳೇನೇ ಡಿಗ್ಗರ್ ಬಂದು ಕೆಡವತ್ತೆ.”

“ಹಕ್ಕಿಗೆ ನೆಲೀ ಮಾಡಾಕ ಹಕ್ಕೀನ್ನ ಹುಗಿಯೂದು,” ನಿಜಲಿಂಗಪ್ಪ ಕೆಸರು ಕಲಸುತ್ತ ಗೊಣಗಿದ. “ಈ ಭಾಡ್ಯಾನ ತೆಲಿಗೂ ಒಂದ್ ಬುಟ್ಟಿ ಮೆತ್ತಲೇನು?”

“ಮೊದಲ ನಿನ್ನ ಬಾಯಿಗೆ ಮೆತ್ಕೋ ಯಣ್ಣಾ.”

ಮೆತ್ತಿದರು. ತಾಯಿಹಕ್ಕಿಗಳು ಹುಳ ಕಚ್ಚಿಕೊಂಡು ಬಂದು ಹಸಿ ಕೆಸರಿಗೆ ಎದೆ ಬಡಿದು ಮರಳತೊಡಗಿದವು. ಒಳಗಿನ ಚಿಂವ್‌ಚಿಂವ್ ಚಿಂದಿ ದಾಟಿ ಕೇಳುತ್ತಿತ್ತು.

“ಸಂಜೀತನಕ ತಡಿಯಂಗಿಲ್ಲ ಇವು,” ಅಂದಳು ಗಿರಿಜವ್ವ.

ಅಷ್ಟರಲ್ಲಿ ಮುಕುಂದನಿಗೆ ಇನ್ನೊಂದು ಹೊಳೆಯಿತು. “ಮೇಡಂ ಬಂದಾಗ ನಿಮ್ಮ ಕಡೆ ಸಂಪ್ರದಾಯ ಏನಾದ್ರೂ ಮಾಡು. ಇವರಿಗೆ ಕಲ್ಚರ್ ಅಂದ್ರೆ ಪ್ರಾಣ. ಮರೆತೂ ಗೋಡೆ ಕಡೆ ತಿರುಗಲ್ಲ.”

“ಉಡಿ ತುಂಬಲೇನ್ರಿ? ಮನಿಗೆ ಬಂದ ಹೆಣ್ಮಗಳಿಗೆ ತುಂಬ್ತೀವಿ.”

“ತುಂಬು, ತುಂಬು. ಫೋಟೋ ತೆಗೀತೀನಿ. ಅಕ್ಕಿ, ಕಾಯಿ ಇದೆಯಾ?”

“ಇದ್ದದ್ದರಾಗ ಮಾಡ್ತೀನ್ರಿ.”

ಇನ್‌ಸ್ಪೆಕ್ಟರ್ ಮೇಡಂ ಹಳದಿ ಜಾಕೆಟ್ಟು, ಕೆಸರುಬೂಟು ಧರಿಸಿ ಬಂದಳು. ಮುಕುಂದ ಪದ್ಧತಿಯನ್ನು ವಿವರಿಸಿದ್ದೇ ತಡ, ಜಾಕೆಟ್ಟಿನ ಅಂಚು ಹಿಡಿದು ಉಡಿ ಒಡ್ಡಿದಳು. ಅಷ್ಟು ಹಿಗ್ಗಿನಿಂದ ಉಡಿಯೊಡ್ಡಿದವರನ್ನು ಗಿರಿಜವ್ವ ತನ್ನ ಓಣಿಯಲ್ಲೂ ಕಂಡಿರಲಿಲ್ಲ.

“ಕಮ್ ಮೇಡಂ,” ಎಂದು ತೋಳು ಹಿಡಿದು ನೇರ ಗೋಡೆಯತ್ತ ನಡೆಸಿದಳು. ಫೋಟೋಕ್ಕೆ ಫೋನೆತ್ತಿಕೊಂಡು ಅವರಿಗೆದುರಾಗಿ ಹಿಮ್ಮುಖವಾಗಿ ಹೆಜ್ಜೆಯಿಡುತ್ತಿದ್ದ ಮುಕುಂದನಿಗೆ ದಾರಿ ತಿಳಿದದ್ದು ಬೆನ್ನಿಗೆ ಗೋಡೆ ತಾಗಿದಾಗ.

ಗಿರಿಜವ್ವ ಕೆಸರು ಕೆದಕಿ ಮೊದಲ ಚಿಂದಿ ಎಳೆದು ಉಡಿಗೆ ಹಾಕಿದಳು. ಆಮೇಲೆ ಇನ್ನೊಂದು. ನಿಜಲಿಂಗಪ್ಪ ಆ ತುದಿಯಿಂದ ಕೀಳುತ್ತ ಬಂದ. ಹೆಂಗಸರು ಹಾಡುವ ಸೋಬಾನೆ ಪದವನ್ನು ಗಂಡುಗಂಟಲಲ್ಲಿ ಎಳೆದ. ಐದು ಸಲ ತುಂಬುವುದು ಪದ್ಧತಿ. ಅವತ್ತು ಯಾರೂ ಎಣಿಸಲಿಲ್ಲ. ಮೇಡಂ ಕಿವಿಯ ಪಕ್ಕದಿಂದಲೇ ಒಂದು ಹಕ್ಕಿ ಸುಯ್ಯನೆ ನುಗ್ಗಿ ತೂತಿನೊಳಗೆ ಮಾಯವಾಯಿತು. ಒಳಗೆ ಗದ್ದಲವೆದ್ದಿತು.

ಮೇಡಂ ನಗು ಆರಿತು. ಉಡಿ ನೋಡಿದಳು, ಗೋಡೆ ನೋಡಿದಳು.

“ಹೂ ಡಿಡ್ ದಿಸ್?”

“ವೀ, ಮೇಡಂ,” ಅಂದಳು ಗಿರಿಜವ್ವ. ಮುಕುಂದನತ್ತ ಗದ್ದ ಎತ್ತಿದಳು. “ಹೀ ಸೆಡ್.”

ಮೇಡಂ ಉಡಿ ಬಿಡದೆಯೇ, ಒಂದು ಕೈಯಲ್ಲಿ ಫೋನು ತೆಗೆದು ಗೋಡೆಯ ಚಿತ್ರ ಹಿಡಿಯತೊಡಗಿದಳು.

“ನಾಳೆಯಿಂದ ಬರಬೇಡ,” ಮುಕುಂದ ಹಲ್ಲು ಕಚ್ಚಿ ಪಿಸುಗುಟ್ಟಿದ. “ವೀಸಾ ಹೇಗೆ ಉಳಿಸ್ಕೋತೀಯೋ ನೋಡ್ತೀನಿ.”

“ಡಿಗ್ಗರೂ ಬರಂಗಿಲ್ಲ ತಗೋರಿ.”

ಗಿರಿಜವ್ವ ಕ್ಯಾಬಿನ್ನಿಗೆ ಹೋದಳು. ಕೈ ತೊಳೆಯಲಿಲ್ಲ. ಒಳಗಿನ ಗೂಟದಿಂದ ಮುಕುಂದನ ಮಗ್ ತೆಗೆದು ಚಹಾ ಬಗ್ಗಿಸಿಕೊಂಡು, ಬಾಗಿಲಲ್ಲಿ ನಿಂತು, ಅವನು ನೋಡುವಂತೆ ಸೊರ್ರನೆ ಕುಡಿದಳು. ಆಮೇಲೆ ಅದನ್ನು ಹಾಗೇ, ಕೆಸರುಬೆರಳಿನ ಗುರುತಿನ ಸಮೇತ, ಅದರ ಗೂಟಕ್ಕೇ ತೂಗುಹಾಕಿದಳು.