ಹೊಂದದ ಹಿತ್ತಾಳೆ

ಮೆಟ್ಟೂರಿನಲ್ಲಿ ಬಸ್ಸು ಹತ್ತಿದೆ ಎಂದು ಅರುಣಾಚಲಂ ಮಾಮ ಫೋನ್ ಮಾಡಿದರು. ಐದು ದಿನದಿಂದ ನನಗೆ ಇದೇ ಭಯ. ಅನ್ನ ಸೇರುತ್ತಿರಲಿಲ್ಲ, ಮಗ್ಗಕ್ಕೆ ಕೂತರೆ ಲಾಳಿ ಕೈತಪ್ಪುತ್ತಿತ್ತು. ನಲವತ್ತೆರಡು ವರ್ಷದ ಹೆಂಗಸು ಒಂದು ಆಟಿಕೆ ಹೆಲಿಕಾಪ್ಟರಿಗೆ ಹೀಗೆ ನಡುಗುವುದೇ ಶಶಿ ಎಂದು ನನ್ನ ಗಂಡ ಸೆಂದಿಲ್ ನಕ್ಕರು. ಆಟಿಕೆ ಅಂದದ್ದಕ್ಕೆ ಅವರಿಗೆ ಆ ಬೆಳಿಗ್ಗೆ ನಾನು ಕಾಫಿ ಕೊಡಲಿಲ್ಲ.

ಸೇಲಂನ ಗುಗೈಯಲ್ಲಿ ಸೀರೆ ನೇಯುವ ಮನೆ ನಮ್ಮದು. ಬಿಡುವಾದಾಗ ನಾನು ವಿಮಾನ, ಹಡಗುಗಳ ಪುಟ್ಟ ಮಾದರಿಗಳ ಪ್ಲಾಸ್ಟಿಕ್ ಕಿಟ್ ಜೋಡಿಸುತ್ತೇನೆ. ಮಾಮ ನನ್ನ ಅಮ್ಮನ ತಮ್ಮ. ಮೆಟ್ಟೂರಿನ ಕರೆಂಟ್ ಸ್ಥಾವರಕ್ಕೆ ಸೇರುವ ಮೊದಲು, ಉತ್ತರದಲ್ಲೆಲ್ಲೋ ಹೊಲಗಳಿಗೆ ಔಷಧಿ ಹೊಡೆಯುವ ಹೆಲಿಕಾಪ್ಟರುಗಳನ್ನು ರಿಪೇರಿ ಮಾಡುತ್ತಿದ್ದವರು. ಅದೇ ಹೆಲಿಕಾಪ್ಟರಿನ ಕಿಟ್ ಒಂದನ್ನು ಮೂವತ್ತು ವರ್ಷ ಬೀರುವಿನಲ್ಲಿಟ್ಟು, ಕೈನಡುಕ ಶುರುವಾದ ಮೇಲೆ ನನಗೆ ಕೊಟ್ಟಿದ್ದರು. ಕಿಟ್ ಮಾಡಿದ ಕಂಪನಿ ಮುಚ್ಚಿಹೋಗಿದೆ, ಇನ್ನೊಂದು ಸಿಗುವುದಿಲ್ಲ. ಪೈಲಟ್ ಎದುರಿನ ಮೀಟರ್ ಫಲಕ ಮಾತ್ರ ಚೆನ್ನಾಗಿ ಬರಲಿ ಎಂದು ಎರಡು ಸಲ ಹೇಳಿದ್ದರು.

ಆ ಫಲಕವನ್ನೇ ನಾನು ಹಾಳು ಮಾಡಿದ್ದೆ.

ಕಿಟ್ಟಿನೊಳಗಿನ ಪ್ಲಾಸ್ಟಿಕ್ ಫಲಕ ಮೊಂಡಾಗಿತ್ತು. ಅದೇ ಹೆಲಿಕಾಪ್ಟರಿನ ಬೇರೆ ಬ್ರ್ಯಾಂಡ್ ಕಿಟ್ಟಿಗೆಂದು ಮಾಡಿದ ಹಿತ್ತಾಳೆ ಫಲಕವೊಂದು ಆನ್‌ಲೈನಿನಲ್ಲಿ ಸಿಕ್ಕಿತು, ಮೀಟರಿನ ಮುಳ್ಳುಗಳನ್ನೂ ಎಣಿಸಬಹುದಾದಷ್ಟು ನಾಜೂಕು. ಎರಡರ ಮೇಲೂ ನಿಜವಾದದ್ದರ ನಲವತ್ತೆಂಟರಲ್ಲಿ ಒಂದು ಪಾಲು ಎಂಬ ಅಳತೆಯೇ ಇತ್ತು. ನಮ್ಮ ಬೀದಿಯಲ್ಲಿ ಮಗ್ಗಕ್ಕೆ ಎಳೆ ಹಾಯಿಸುವ ಬಾಚಣಿಗೆಯಂಥ ಹಣಿಗೆ, ಎಂಬತ್ತನೇ ನಂಬರಿನದು, ಬೇಕೆಂದರೆ ಯಾರ ಮನೆಯಿಂದ ತಂದರೂ ಎಳೆ ಸರಿಯಾಗಿ ಕೂರುತ್ತದೆ. ನಂಬರ್ ಒಂದೇ ಆದ ಮೇಲೆ ಅಳೆದು ನೋಡುವವರು ಯಾರು? ಅದೇ ಧೈರ್ಯದಲ್ಲಿ, ಹಿತ್ತಾಳೆಯನ್ನು ಒಮ್ಮೆಯೂ ಇಟ್ಟು ನೋಡದೆ, ಹಳೆಯ ಫಲಕವನ್ನು ಬ್ಲೇಡಿನಿಂದ ಕೆತ್ತಿ ತೆಗೆದೆ. ಆಮೇಲೆ ಇಟ್ಟರೆ ಎರಡು ಮಿಲಿಮೀಟರ್ ಅಗಲ ಹೆಚ್ಚು. ಅರದಲ್ಲಿ ಉಜ್ಜಿದೆ. ಅಂಚಿನ ಮೀಟರುಗಳು ಅರ್ಧರ್ಧ ಹೋದವು, ಫಲಕ ಸೊಟ್ಟಗೆ ಕೂತಿತು. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ.

ಒಂದು ದಾರಿ ಇತ್ತು. ಹೆಲಿಕಾಪ್ಟರಿನ ಗುಳ್ಳೆಯಂಥ ಗಾಜಿನ ಮೂತಿಯನ್ನು ಒಳಗಿನಿಂದ ಕೊಂಚ ಮಬ್ಬು ಮಾಡಿ ಅಂಟಿಸಿಬಿಟ್ಟರೆ, ಮಾಮನ ಮಂಜುಗಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಅಂಟಿನ ಟ್ಯೂಬನ್ನು ತೆರೆದೂ ಇದ್ದೆ. ಗಾಜು ಕೈಯಲ್ಲಿರುವಾಗಲೇ ಬಾಗಿಲಲ್ಲಿ ಅವರ ಚಪ್ಪಲಿ ಸದ್ದಾಯಿತು.

ಅವರು ಕೂರುವ ಮೊದಲೇ ಎಲ್ಲ ಹೇಳಿಬಿಟ್ಟೆ. ಧೈರ್ಯ ಬಂತೆಂದಲ್ಲ, ಆ ಹೆದರಿಕೆಯನ್ನು ಇನ್ನೊಂದು ಗಳಿಗೆ ತಡೆಯುವುದು ನನ್ನಿಂದ ಆಗಲಿಲ್ಲ. ಮಾಮ ಹೆಲಿಕಾಪ್ಟರನ್ನು ಕಿಟಕಿಯ ಬೆಳಕಿಗೆ ಒಯ್ದು, ಭೂತಗನ್ನಡಿ ಹಿಡಿದು ನೋಡಿದರು. ಅವರ ಕೈನಡುಕಕ್ಕೆ ಅದರ ರೆಕ್ಕೆಗಳು ಅದುರುತ್ತಿದ್ದವು. ಎಸೆದೇ ಬಿಡುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ಇಷ್ಟೇ, ಗಾಜು ಅಂಟಿಸಿ ಮುಚ್ಚಿಬಿಡಬಹುದಿತ್ತಲ್ಲ ಎಂದು.

"ಮುಚ್ಚಾಕೇ ಓಗಿದ್ದೆ ಮಾಮ," ಎಂದೆ.

ಆಗ ಮಾಮ ಗೋಡೆಗೆ ಒರಗಿ ಕೂತು, ಯಾರಿಗೂ ಹೇಳದ ಒಂದು ವಿಷಯ ಹೇಳಿದರು. ರಿಪೇರಿ ಶೆಡ್ಡಿನಲ್ಲಿದ್ದಾಗ ಒಂದು ಹೆಲಿಕಾಪ್ಟರಿನಲ್ಲಿ ಇಂಥದೇ ಮೀಟರ್ ಫಲಕವನ್ನು ಹಿಂದಿನಿಂದ ಹಿಡಿದಿಡುವ ಕೊಂಡಿ ಬಿರುಕು ಬಿಟ್ಟಿತ್ತು. ಹೊಸದು ಬರಲು ವಾರ ಬೇಕು. ಬೇರೆ ಕಂಪನಿಯ ಹೆಲಿಕಾಪ್ಟರಿನ ಕೊಂಡಿ ಬಿಚ್ಚಿ ತಂದರು, ಹೊಂದಲಿಲ್ಲ. ಅರ ಹಾಕಿ ಉಜ್ಜಿ ಕೂರಿಸಿದರು; ಹಾರುವಾಗ ಕಳಚಿದರೆ ಪೈಲಟ್ ಜೀವಕ್ಕೇ ಅಪಾಯ. ಯಾರಿಗೂ ಹೇಳಲಿಲ್ಲ. ಇಪ್ಪತ್ತಾರು ವರ್ಷದ ಪೈಲಟ್ ಗೋಪಿನಾಥ್ ಅದನ್ನು ಹತ್ತಿ ಹಾರಿಹೋದ. ಅವನಿಗೆ ಆಗಷ್ಟೇ ಮಗಳು ಹುಟ್ಟಿದ್ದಳು. ನಲವತ್ತು ನಿಮಿಷ ಮಾಮ ಶೆಡ್ಡಿನ ಹಿಂದೆ ನಿಂತು ಆಕಾಶ ನೋಡುತ್ತ ವಾಂತಿ ಮಾಡಿಕೊಂಡರಂತೆ.

"ಇಳ್ದು ಬಂದ ಕಣೇ, ಶಶಿ. ನನ್ ಕೈ ಇಡ್ಕಂಡು ಥ್ಯಾಂಕ್ಸ್ ಅಣ್ಣಾ ಅಂದ. ಸಾಯಂಕಾಲ್ವೇ ಅದನ್ನ ಬಿಚ್ಚಿ ಬಿಸಾಕ್ದೆ. ಯೋಳ್ನಿಲ್ಲ. ಇವತ್ಗಂಟ ಯೋಳ್ನಿಲ್ಲ."

ಗೋಪಿನಾಥ್ ಈಗ ಏರ್ಕಾಡಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಕಿಟ್ಟನ್ನು ಜೋಡಿಸಿ, ಅವರಿಗೆ ಕೈಯಾರೆ ಕೊಟ್ಟು, ಆಗ ಹೇಳಬೇಕೆಂದೇ ಮಾಮ ಅದನ್ನು ಕೊಂಡದ್ದು. ಜೋಡಿಸಿದ ಮೇಲೆ ಹೇಳೋಣ ಎಂದು ಮೂವತ್ತು ವರ್ಷ ಡಬ್ಬಿಯನ್ನೇ ತೆರೆದಿರಲಿಲ್ಲ.

"ನಂಗೆ ಯೋಳ್ವಾಗ ನಿಂಗೆಂಗಿತ್ತು?" ಎಂದು ಕೇಳಿದರು.

"ಜೀವ ಓದಂಗಾಯ್ತು."

ಮಾಮ ತಲೆಯಾಡಿಸಿ ಜೇಬಿನಿಂದ ಫೋನ್ ತೆಗೆದರು. ಗೋಪಿನಾಥರ ಹೆಸರು ಸಿಕ್ಕಿತು. ಹೆಬ್ಬೆರಳು ಬಟನ್ನಿನ ಮೇಲೆ ನಿಲ್ಲಲೊಲ್ಲದು. ನನ್ನ ಕಡೆ ಚಾಚಿದರು. ನಾನು ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಅವರ ಮುಂದೆ ಹಿಡಿದೆ. ಅವರು ನನ್ನ ಮುಂಗೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದಿದ್ದರು.

ಮೂರನೇ ರಿಂಗಿಗೆ ಆ ಕಡೆಯವರು ಎತ್ತಿಕೊಂಡರು. "ಗೋಪಿ," ಎಂದರು ಮಾಮ. ಆ ಕಡೆಯಿಂದ ಒಂದು ಮುದಿದನಿ ಸಂತೋಷ ತಡೆಯಲಾರದೆ, ಅಣ್ಣಾ, ಅಣ್ಣಾ, ಎಂದು ಕರೆಯುತ್ತಲೇ ಇತ್ತು.