ಗೊಂಬೆಯ ಎದೆಯ ಮೇಲಿನ ಗೆರೆಗಳು

ನಮ್ಮ ಬೀದಿಯ ಟೈಲರ್ ಅಂಗಡಿಯಲ್ಲಿ ಒಂದು ಗೊಂಬೆ ಇದೆ. ಅದಕ್ಕೆ ತಲೆಯಿಲ್ಲ, ಕೈಗಳಿಲ್ಲ, ಕತ್ತಿನಿಂದ ಸೊಂಟದವರೆಗೆ ಬರೀ ಮೈ. ಹೊಲಿದ ಬಟ್ಟೆಯನ್ನು ಅದಕ್ಕೆ ತೊಡಿಸಿ ನೋಡುತ್ತಾರೆ. ಎದುರಿಗೇ ನನ್ನ ಇಸ್ತ್ರಿ ಅಂಗಡಿ. ಇಷ್ಟು ವರ್ಷ ಅದನ್ನು ನೋಡುತ್ತಲೇ ಬಟ್ಟೆ ಮಡಚಿದ್ದೇನೆ, ಒಂದು ದಿನವೂ ಹೆದರಿರಲಿಲ್ಲ. ಹೆದರಿದ್ದು ಟೈಲರನ ಹೆಂಡತಿ ಟೈಲರಮ್ಮನಿಗೆ ಕರೆಂಟು ಕೊಡಲು ಶುರು ಮಾಡಿದ ಮೇಲೆ.

ಕರೆಂಟು ಎನ್ನುವುದು ನಾವು ಇಟ್ಟ ಹೆಸರು. ಡಾಕ್ಟರು ಹೇಳಿದ್ದು ರೇಡಿಯೇಷನ್ ಎಂದು. ಟೈಲರಮ್ಮನ ಎದೆಯಲ್ಲಿ ಗಂಟು ಕಾಣಿಸಿ, ಅದು ಕ್ಯಾನ್ಸರ್ ಎಂದು ಗೊತ್ತಾಗಿ, ಆಪರೇಷನ್ ಮಾಡಿ ತೆಗೆದಿದ್ದರು. ಗಾಯ ಒಣಗಿತ್ತು. ಕಣ್ಣಿಗೆ ಕಾಣದಷ್ಟು ಎಲ್ಲಾದರೂ ಉಳಿದಿದ್ದರೆ ಅದನ್ನೂ ನಾಶ ಮಾಡಲು ಕೆಲವು ವಾರ ಕಿರಣ ಬಿಡಬೇಕು, ವಾರಕ್ಕೆ ಐದು ದಿನ ಬರಬೇಕು ಎಂದಿದ್ದರು.

ಮೊದಲ ದಿನ ಕಿರಣ ಬಿಡಲಿಲ್ಲ, ಅಳತೆ ತೆಗೆದರು. ಕೈಯನ್ನು ತಲೆಯ ಮೇಲಕ್ಕೆ ಎತ್ತಿಸಿ ಮಲಗಿಸಿ, ಸ್ಕ್ಯಾನ್ ಮಾಡಿ, ಎದೆ ಮತ್ತು ಪಕ್ಕೆಯ ಮೇಲೆ ನೇರಳೆ ಪೆನ್ನಿನಲ್ಲಿ ಗೆರೆ ಎಳೆದರು. "ಈ ಗೆರೆ ಉಜ್ಜಬೇಡಿ, ಅಳಿಸ್ಬೇಡಿ" ಎಂದರು. ಮನೆಗೆ ಬಂದ ಮೇಲೆ ಟೈಲರ್ ಆ ಗೆರೆಗಳನ್ನು ಬಹಳ ಹೊತ್ತು ನೋಡಿದ. "ನಮ್ಮದೇ ಕಸುಬು ಕಣೇ. ಗುರುತು ಹಾಕ್ಕೊಳ್ದೆ ಕತ್ತರಿ ಆಡಿಸೋಕಾಗುತ್ತಾ?" ಎಂದು ಹೆಂಡತಿಗೆ ಧೈರ್ಯ ಹೇಳಿದ.

ಕಿರಣ ಶುರುವಾದ ದಿನ ಜೊತೆಗೆ ಹೋದವಳು ನಾನು. ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಬಾಗಿಲ ಮೇಲೆ ಕೆಂಪು ದೀಪ ಹತ್ತಿತು, ಸ್ವಲ್ಪ ಹೊತ್ತಿಗೆ ಆರಿತು. ಅಷ್ಟೇ. ಹೊರಗೆ ಬಂದವಳ ಮುಖ ಬಿಳಿಚಿಕೊಂಡಿತ್ತು.

"ಏನಾಯ್ತೇ?"

"ಎಲ್ಲರೂ ಹೊರಗೆ ಹೋಗ್ಬಿಟ್ರು. ಗೋಡೆಯಷ್ಟು ದಪ್ಪ ಬಾಗಿಲು, ಅದೂ ಮುಚ್ಕೊಂತು. ಹಸಿರು ಬೆಳಕಿನ ಗೆರೆ ನನ್ನ ಮೈಮೇಲೆ ಬಿದ್ದಿತ್ತು. ಆ ಮೆಷಿನ್ನಿನ ತಲೆ ತಾನಾಗೇ ನನ್ನ ಸುತ್ತ ಬಂದು, ಒಂದು ಕಡೆ ನಿಂತು, ಗುಂಯ್ ಅಂತು. ಮೇಲಿಂದ ಯಾರೋ 'ಅಮ್ಮ, ಅಲ್ಲಾಡ್ಬೇಡಿ' ಅಂದ್ರು. ನೋಡಿದ್ರೆ ಯಾರೂ ಇಲ್ಲ."

"ನೋವಾಯ್ತಾ?"

"ಇಲ್ಲ. ಬಿಸೀನೂ ಇಲ್ಲ, ವಾಸನೇನೂ ಇಲ್ಲ. ಅದೇ ಭಯ ಕಣೇ. ಒಳಗೆ ಹೋಗಿದ್ದೇ ಗೊತ್ತಾಗ್ಲಿಲ್ಲ ಅಂದ್ರೆ, ಅದು ಹೊರಗೆ ಬಂತೋ ಇಲ್ವೋ ಹೇಗೆ ಗೊತ್ತಾಗ್ಬೇಕು?"

ಈ ಪ್ರಶ್ನೆಗೆ ಅವಳ ಅಕ್ಕ ಮನೆಯಲ್ಲಿ ಉತ್ತರ ಸಿದ್ಧ ಮಾಡಿಕೊಂಡು ಕೂತಿದ್ದಳು. ಈ ದೊಡ್ಡಕ್ಕ ಕೆಟ್ಟವಳಲ್ಲ, ಆದರೆ ಗೊತ್ತಿಲ್ಲದ್ದನ್ನೂ ಗೊತ್ತಿರುವಂತೆ ಹೇಳುವವಳು. ಆ ಹೊತ್ತಿಗೆ ಟೈಲರಮ್ಮನ ಮಗಳು ಹಸುಗೂಸಿನೊಂದಿಗೆ ಮನೆಯಲ್ಲೇ ಇದ್ದಳು.

"ಮಗೂನ ಮುಟ್ಬೇಡ. ಕಿರಣ ನಿನ್ನ ಮೈಯಲ್ಲೇ ಇರುತ್ತೆ. ಇವಳ ಇಸ್ತ್ರಿ ಪೆಟ್ಟಿಗೆ ನೋಡು, ಪ್ಲಗ್ ಕಿತ್ತ ಮೇಲೂ ಬಟ್ಟೆ ಸುಡೋಲ್ವಾ?" ಎಂದಳು.

ನನ್ನ ಪೆಟ್ಟಿಗೆಯನ್ನೇ ಸಾಕ್ಷಿಗೆ ಎಳೆದಳಲ್ಲ ಎಂದು ಮೈ ಉರಿಯಿತು. ಆದರೆ ಪ್ಲಗ್ ಕಿತ್ತ ಮೇಲೂ ಅದು ಸುಡುವುದು ನಿಜವೇ ಆಗಿತ್ತು. ಅಂದಿನಿಂದ ಟೈಲರಮ್ಮನ ತಟ್ಟೆ ಬೇರೆ, ಹಾಸಿಗೆ ಬೇರೆ. ಮಗು ಅತ್ತಾಗ ಇವಳು ಮುಚ್ಚಿದ ಬಾಗಿಲಿನ ಈಚೆ ನಿಂತು, ಅಂಗೈ ಬಾಗಿಲಿಗೂ ತಾಗದಂತೆ ಹಿಡಿದು, ಕೇಳಿಸಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಅಂಗಡಿಯ ಶಟರ್ ಮುಕ್ಕಾಲು ಇಳಿದಿತ್ತು. ಬಗ್ಗಿ ಒಳಗೆ ಹೋದೆ. ಕತ್ತಲಲ್ಲಿ ಟೈಲರಮ್ಮ ಸ್ಟೂಲಿನ ಮೇಲೆ ಕೂತು, ಕೈಯನ್ನು ಮುಖದ ಮುಂದೆ ಹಿಡಿದುಕೊಂಡಿದ್ದಳು.

"ಏನೇ ಮಾಡ್ತಿದ್ದೀಯ?"

"ಹೊಳೆಯುತ್ತಾ ಅಂತ ನೋಡ್ತಿದ್ದೀನಿ."

"ಹೊಳೆದ್ರೆ ಒಳ್ಳೇದೇ ಬಿಡು, ಲೈಟ್ ಬಿಲ್ಲಾದ್ರೂ ಉಳಿಯುತ್ತೆ" ಎಂದು ನಗಲು ಹೋದೆ. ಅವಳ ಹಿಂದೆ, ಶಟರ್ ಕೆಳಗಿನಿಂದ ನುಸುಳಿದ ಬೆಳಕಿನಲ್ಲಿ ಗೊಂಬೆ ನಿಂತಿತ್ತು. ಅದರ ಎದೆಯ ಮೇಲೆ, ಪಕ್ಕೆಯ ಮೇಲೆ ನೇರಳೆ ಗೆರೆಗಳು. ಅವಳ ಮೈಮೇಲಿದ್ದ ಗೆರೆಗಳೇ, ಅದೇ ಜಾಗದಲ್ಲಿ.

ನಾನು ನೋಡಿದ ಕಡೆ ಅವಳೂ ತಿರುಗಿದಳು.

"ನಿನಗೂ ಕಾಣ್ತಿದೆಯಾ?" ಎಂದಳು ಮೆಲ್ಲಗೆ. "ನನಗೊಬ್ಬಳಿಗೇ ಕಾಣ್ತಿದೆ ಅಂದ್ಕೊಂಡಿದ್ದೆ. ನನ್ನ ಮೈಮೇಲಿಂದು ಮಾಸ್ತಾ ಬಂತು, ಅದರ ಮೈಮೇಲೆ ಮೂಡಿದೆ. ನನ್ನ ಹತ್ತಿರ ಇರೋದಕ್ಕೆಲ್ಲ ತಗಲ್ತಿದೆ ಕಣೇ. ನಾಳೆಯಿಂದ ನಾನು ಹೋಗಲ್ಲ. ಇದ್ದಷ್ಟು ದಿನ ಇರ್ತೀನಿ, ಆ ಕೂಸನ್ನ ಒಂದ್ಸಲ ಎತ್ಕೋಬೇಕು."

ಅಷ್ಟರಲ್ಲಿ ಶಟರ್ ದಡಾರನೆ ಮೇಲೆದ್ದಿತು. ನೂಲಿನ ಉಂಡೆ ತರಲು ಹೋಗಿದ್ದ ಟೈಲರ್ ನಿಂತಿದ್ದ. ನಾವಿಬ್ಬರೂ ಗೊಂಬೆಯನ್ನು ನೋಡುತ್ತಿರುವುದು ಕಂಡು ತಲೆ ಕೆರೆದುಕೊಂಡ.

"ನಾನೇ ಬರೆದದ್ದು. ಬೆವರಿಗೆ ನಿನ್ನ ಗೆರೆ ಮಾಸ್ತಿತ್ತಲ್ಲ. ಪೂರ್ತಿ ಹೋದ್ರೆ ಏನ್ಮಾಡೋದು ಅಂತ ಅಳತೆ ಹಿಡಿದು ಇದರ ಮೇಲೆ ಇಳಿಸ್ಕೊಂಡೆ."

"ಹೇಳಿ ಬರೀಬಾರ್ದೇನ್ರೀ? ಜೀವ ಬಾಯಿಗೆ ಬಂದಿತ್ತು!" ಎಂದು ಟೈಲರಮ್ಮ ಅತ್ತೇಬಿಟ್ಟಳು.

ಗೊಂಬೆಯ ಭಯ ಹೋಯಿತು, ಕಿರಣದ ಭಯ ಹೋಗಲಿಲ್ಲ. ಸಂಜೆ ಅವರ ಮನೆಗೆ ಹೋಗಿ ನಾನೇ ಗದರಿದೆ. "ಬಿಡೋದಾದ್ರೆ ಆಸ್ಪತ್ರೆಯವರ ಮುಂದೆ ಹೇಳಿ ಬಿಡು. ದೊಡ್ಡಕ್ಕ, ನೀನೂ ಬಾ. ನನ್ನ ಪೆಟ್ಟಿಗೆ ವಿಷಯ ಅಲ್ಲೇ ಕೇಳು."

ಮರುದಿನ ಹೊರಡುವ ಮುಂಚೆ ಟೈಲರ್ ಗೊಂಬೆಯನ್ನು ನೋಡಿ ಟೇಪು ಹಿಡಿದು, ಹೆಂಡತಿಯ ಮೈಮೇಲೆ ಮಾಸಿದ್ದ ಗೆರೆಗಳನ್ನು ತಿದ್ದಿ ಗಾಢ ಮಾಡಿದ. ಒಳ್ಳೆಯ ಕೆಲಸ ಮಾಡಿದೆನೆಂದೇ ಅವನ ಎಣಿಕೆ.

ಆಸ್ಪತ್ರೆಯಲ್ಲಿ ಟೈಲರಮ್ಮನನ್ನು ಒಳಗೆ ಕರೆದು ಮಲಗಿಸಿದರು, ಆದರೆ ಕೆಂಪು ದೀಪ ಹತ್ತಲೇ ಇಲ್ಲ. ಮೆಷಿನ್ ನಡೆಸುವ ಟೆಕ್ನಿಷಿಯನ್ ಹುಡುಗಿ ಹೊರಗೆ ಬಂದಳು.

"ಅಮ್ಮನ ಗೆರೆ ಯಾರು ತಿದ್ದಿದ್ದು?"

ಟೈಲರ್ ಶಾಲೆಯ ಹುಡುಗನಂತೆ ಎದ್ದು ನಿಂತ. "ನಾನೇ. ನೂಲೆಳೆಯಷ್ಟೂ ತಪ್ಪಿಲ್ಲ."

"ತಪ್ಪಿದೆ ಅಣ್ಣ. ನಮ್ಮ ಬೆಳಕಿನ ಗೆರೆಗೂ ನಿಮ್ಮ ಗೆರೆಗೂ ಒಂದು ಬೆರಳು ದೂರ. ಮನೇಲಿ ನಿಲ್ಲಿಸಿ ಬರೆದ್ರಾ?"

"ಹೌದು."

"ಇಲ್ಲಿ ಕೈಯೆತ್ತಿ ಮಲಗಿಸಿ ಬರೆದಿದ್ದು. ಮಲಗಿದಾಗ ಚರ್ಮ ಜಾರುತ್ತೆ."

ಟೈಲರ್ ಹಣೆ ಚಚ್ಚಿಕೊಂಡ. ನಿಂತಾಗ ಸರಿಯಿದ್ದ ಅಂಗಿ ಕೂತಾಗ ಬಿಗಿಯುವುದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಕಿರಣ ಬಿಟ್ಟಿದ್ರೆ?" ಎಂದ.

"ನೋಡ್ದೆ ಬಿಡಲ್ಲ. ಈಗ ಚಿತ್ರ ತೆಗೆದು ಸರಿಯಾಗಿ ಗುರುತು ಹಾಕ್ತೀವಿ. ಇನ್ಮೇಲೆ ಮಾಸಿದ್ರೆ ನಮಗೆ ಹೇಳಿ, ನೀವು ಮಾತ್ರ ಪೆನ್ನು ಮುಟ್ಬೇಡಿ."

ಆಗ ದೊಡ್ಡಕ್ಕ ಬಾಯಿ ತೆಗೆದಳು. "ಅದೆಲ್ಲ ಇರ್ಲಿ ಕಣಮ್ಮ. ನೀವೇ ಹೆದರಿ ಹೊರಗೆ ಓಡಿಬರ್ತೀರಲ್ಲ? ಅಂಥಾದ್ದನ್ನ ಮೈಯಲ್ಲಿ ಇಟ್ಕೊಂಡು ಇವಳು ಮಗು ಮುಟ್ಬಹುದಾ? ಇಸ್ತ್ರಿ ಪೆಟ್ಟಿಗೆ ಕೂಡ—"

"ಇಸ್ತ್ರಿ ಪೆಟ್ಟಿಗೆ ಅಲ್ಲ ಅಮ್ಮ, ಇದು ದೀಪದ ಹಾಗೆ. ಲೈಟ್ ಆರಿಸಿದ ಮೇಲೆ ಕೋಣೇಲಿ ಬೆಳಕು ಉಳಿಯುತ್ತಾ?"

ದೊಡ್ಡಕ್ಕ ಯೋಚಿಸಿದಳು. "ಇಲ್ಲ."

"ಮೆಷಿನ್ ನಿಂತ ಕ್ಷಣ ಕಿರಣ ಇಲ್ಲ. ಇವರ ಮೈಯಲ್ಲಿ ಏನೂ ಉಳಿಯಲ್ಲ. ಮಗೂನ ಎತ್ಕೊಳ್ಲಿ, ಜೊತೇಲಿ ಊಟ ಮಾಡ್ಲಿ. ನಾವು ದಿನಾ ಎಷ್ಟೋ ಜನಕ್ಕೆ ಕೊಡ್ತೀವಿ, ಒಳಗೇ ಇದ್ರೆ ಅಷ್ಟೂ ಸಲ ನಮ್ಮ ಮೇಲೂ ಬೀಳುತ್ತೆ, ಅದಕ್ಕೆ ಹೊರಗಿರ್ತೀವಿ. ಆದ್ರೆ ಇವರನ್ನ ಒಬ್ಬರನ್ನೇ ಬಿಟ್ಟಿರಲ್ಲ." ಟಿವಿಯಂಥ ಪರದೆಯೊಂದನ್ನು ತೋರಿಸಿದಳು. ಅದರಲ್ಲಿ ಒಳಗೆ ಮಲಗಿದ್ದ ಟೈಲರಮ್ಮ ಕಾಣುತ್ತಿದ್ದಳು. "ಇಲ್ಲಿಂದ ನೋಡ್ತಾನೇ ಇರ್ತೀವಿ. ಮೇಲಿಂದ ಕೇಳೋದು ನನ್ನ ದನಿ. ಕಷ್ಟ ಆದ್ರೆ ಕೂಗಿದ್ರೆ ಸಾಕು, ನಿಲ್ಲಿಸಿ ಒಳಗೆ ಬರ್ತೀವಿ."

ದೊಡ್ಡಕ್ಕ ಪರದೆಯ ಹತ್ತಿರ ಬಗ್ಗಿ ತಂಗಿಯನ್ನೇ ನೋಡಿದಳು. "ಎಷ್ಟು ಸಣ್ಣಗೆ ಆಗಿದ್ದಾಳೆ" ಎಂದಳು. ಕಣ್ಣೊರೆಸಿಕೊಂಡಳು.

ಗುರುತು ಸರಿಮಾಡಿ ಅಂದಿನ ಕಿರಣ ಕೊಟ್ಟರು. ಹೊರಡುವಾಗ ಆ ಹುಡುಗಿ ಟೈಲರಮ್ಮನಿಗೂ ಅದನ್ನೇ ಹೇಳಿ, ಮುಂದಿನದ್ದನ್ನೂ ತಿಳಿಸಿ ಕಳಿಸಿದಳು. ಬರ್ತಾ ಬರ್ತಾ ಆ ಜಾಗದ ಚರ್ಮ ಕೆಂಪಾಗಿ ಕಪ್ಪಾಗಬಹುದು, ತುರಿಸಬಹುದು. ಕೆರೆಯಬಾರದು, ಕೇಳದೆ ಕ್ರೀಮು, ಪೌಡರು ಹಚ್ಚಬಾರದು, ಬಿಸಿ ಶಾಖ ಕೊಡಬಾರದು, ಸಡಿಲ ಹತ್ತಿ ಬಟ್ಟೆ ತೊಡಬೇಕು. ಚರ್ಮ ಒಡೆದರೆ, ಜ್ವರ ಬಂದರೆ ಅಂದೇ ಹೇಳಬೇಕು. ಸುಸ್ತಾಗುತ್ತದೆ, ಮುಗಿದ ಮೇಲೂ ಕೆಲವು ವಾರ ಇರಬಹುದು. "ತಲೆಕೂದಲು?" ಎಂದು ಟೈಲರಮ್ಮ ಕೇಳಿದಳು. "ಕಿರಣ ಬಿದ್ದ ಕಡೆ ಮಾತ್ರ ಉದುರೋದು. ನಿಮ್ಮ ಜಡೆ ತಂಟೆಗೆ ಬರಲ್ಲ" ಎಂದಳು. ಎಷ್ಟೋ ದಿನದ ಮೇಲೆ ಟೈಲರಮ್ಮ ನಕ್ಕಳು.

ಮನೆಗೆ ಬಂದ ಕೂಡಲೇ ಮುಚ್ಚಿದ್ದ ಬಾಗಿಲನ್ನು ದೊಡ್ಡಕ್ಕನೇ ತೆಗೆದಳು. ಮಗುವನ್ನು ಎತ್ತಿ ತಂದು, "ತಗೋ" ಎಂದಳು. ಟೈಲರಮ್ಮನ ಕೈ ಮುಂದೆ ಬರಲಿಲ್ಲ. "ತಗೋ ಅಂದ್ನಲ್ಲ, ನನ್ನದೇ ತಪ್ಪು ಕಣೇ" ಎಂದು ದೊಡ್ಡಕ್ಕ ಮಗುವನ್ನು ಅವಳ ಗೆರೆಯಿಲ್ಲದ ಪಕ್ಕಕ್ಕೆ ಒರಗಿಸಿದಳು. ಮಗು ಆಕಳಿಸಿ, ಅಜ್ಜಿಯ ಕುತ್ತಿಗೆಗೆ ಮೂಗು ಒತ್ತಿ ಮಲಗಿತು. ನಾನು ಇಸ್ತ್ರಿ ಕಾಯಲು ಬಿಟ್ಟು ಬಂದಿದ್ದೇನೆ ಎಂದು ಸುಳ್ಳು ಹೇಳಿ ಹೊರಗೆ ಬಂದು ಅತ್ತೆ.

ಮುಂದೆ ಟೈಲರಮ್ಮ ಒಂದು ದಿನವೂ ತಪ್ಪಿಸಲಿಲ್ಲ. ಚರ್ಮ ಕಪ್ಪಾಯಿತು, ನಿಧಾನಕ್ಕೆ ತಿಳಿಯಾಯಿತು. ಮಧ್ಯಾಹ್ನವೆಲ್ಲ ಮಲಗುತ್ತಿದ್ದಳು, ಟೈಲರ್ ಅಡುಗೆ ಮಾಡಿ ಸೀಯಿಸುತ್ತಿದ್ದ. ಈಗ ಮತ್ತೆ ಹೊಲಿಗೆ ಮೆಷಿನ್ ತುಳಿಯುತ್ತಿದ್ದಾಳೆ, ಡಾಕ್ಟರು ಹೇಳಿದಾಗಲೆಲ್ಲ ಹೋಗಿ ತೋರಿಸಿಕೊಂಡು ಬರುತ್ತಾಳೆ.

ಅವಳ ಮೈಮೇಲಿನ ಗೆರೆಗಳು ಹೋದವು, ಗೊಂಬೆಯ ಮೇಲಿನವು ಹೋಗಲಿಲ್ಲ. ಎಷ್ಟು ಒರೆಸಿದರೂ ಆ ಶಾಯಿ ಬಿಡುವುದಿಲ್ಲ. ಕರೆಂಟು ಕೊಡಬೇಕಂತೆ ಎಂದು ಹೆದರಿದ ಯಾರಾದರೂ ಅಂಗಡಿಗೆ ಬಂದರೆ, ಟೈಲರಮ್ಮ ಶಟರ್ ಅರ್ಧ ಇಳಿಸಿ ಗೊಂಬೆಯ ಅಂಗಿ ಬಿಚ್ಚುತ್ತಾಳೆ. "ನೋಡಿ, ನನಗೆ ಇಲ್ಲಿ ಬರೆದಿದ್ರು" ಎಂದು ಆ ಗೆರೆಗಳ ಮೇಲೆ ಬೆರಳಾಡಿಸುತ್ತಾಳೆ. ಆ ಮಬ್ಬಿನಲ್ಲಿ ಗೊಂಬೆಗೆ ಉಸಿರು ಬಂದ ಹಾಗೆ ನನಗೆ ಈಗಲೂ ಒಮ್ಮೊಮ್ಮೆ ಅನಿಸುತ್ತದೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯವರಿಗೂ ಡಾಕ್ಟರು ರೇಡಿಯೇಷನ್ ಹೇಳಿರಬಹುದು. ಆ ಕೋಣೆ ಹೆದರಿಸುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಗೋಡೆಯಾಚೆ ನಿಮ್ಮನ್ನು ನೋಡುತ್ತಿರುವವರು ಇರುತ್ತಾರೆ. ಗೆರೆಗಳನ್ನು ನೀವೇ ತಿದ್ದಬೇಡಿ, ಕೇಳದೆ ಒಂದು ದಿನವೂ ತಪ್ಪಿಸಬೇಡಿ. ಹೊರಗಿನ ಮೆಷಿನ್ನಿನಿಂದ ಕಿರಣ ಕೊಟ್ಟರೆ ನಿಮ್ಮಿಂದ ಯಾರಿಗೂ ತೊಂದರೆಯಿಲ್ಲ. ಮೈಯೊಳಗೆ ಔಷಧಿಯನ್ನೋ ಬೀಜದಂಥದ್ದನ್ನೋ ಇಟ್ಟು ಕೊಡುವ ಚಿಕಿತ್ಸೆಯಾದರೆ ಕೆಲವು ದಿನ ಎಚ್ಚರಿಕೆ ಬೇಕಾಗಬಹುದು. ನಿಮ್ಮದು ಯಾವುದು ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಕೇಳಿದ ಮೇಲೆ, ಮನೆಯಲ್ಲಿ ಯಾರದಾದರೂ ತಟ್ಟೆ ಬೇರೆ ಇಟ್ಟಿದ್ದರೆ, ಈ ಹೊತ್ತೇ ತಂದು ನಿಮ್ಮ ತಟ್ಟೆಯ ಪಕ್ಕದಲ್ಲಿಡಿ.