ನಿಂಬೆಹಣ್ಣು ದಾಟಿದ ಸೈಕಲ್ಲು

ಕೆಸರು ಮೆತ್ತಿದ ಸೈಕಲ್ಲಿನ ಮುಂದೆ ವಿಶಾಲಾಕ್ಷಿ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತಾಗಿತ್ತು. ಗಾರ್ಡನ್ ರೀಚಿನ ಕ್ವಾರ್ಟರ್ಸಿನ ಮೆಟ್ಟಿಲ ಕೆಳಗೆ ನಿಂತಿದ್ದ ಅದು ಮಗಳು ಖುಷಿಯ ಮೌಂಟೇನ್ ಬೈಕು. ಮೇಲಿನ ಕೆಸರು ಬೂದುಬಣ್ಣದ್ದು, ಹೂಗ್ಲಿ ನದಿಯ ದಡದ್ದೇ. ಆದರೆ ಉಗುರಿನಿಂದ ಕೆರೆದರೆ ಅದರ ಕೆಳಗೆ ಕೆಂಪು ಮಣ್ಣು. ಕಲ್ಕತ್ತೆಯಲ್ಲಿ ಕೆಂಪು ಮಣ್ಣು ಎಲ್ಲಿಂದ ಬರಬೇಕು? ಹೋದ ತಿಂಗಳು ಗೆಳತಿಯರ ಜೊತೆ ಪುರುಲಿಯಾದ ಗುಡ್ಡಗಳಿಗೆ ಹೋಗಿದ್ದಳಲ್ಲ, ಅಲ್ಲಿಯದು. ಅಲ್ಲಿ ಏನೇನಾಯಿತೆಂದು ಕೇಳಿದ್ದಕ್ಕೆ ಖುಷಿ ಕೊಟ್ಟ ಉತ್ತರ 'ಚೆನ್ನಾಗಿತ್ತು' ಎಂಬ ಒಂದೇ ಮಾತು. ಮಿಕ್ಕಿದ್ದನ್ನು ಕೆಸರನ್ನೇ ಕೇಳಿ ತಿಳಿಯಬೇಕು.

ವಿಶಾಲಾಕ್ಷಿಗೆ ಯಾವುದನ್ನಾದರೂ ಬಿಚ್ಚಿ ಒಳಗೇನಿದೆ ಎಂದು ನೋಡದಿದ್ದರೆ ಊಟ ಸೇರುತ್ತಿರಲಿಲ್ಲ. ಕುಕ್ಕರಿನ ವಾಲ್ವು, ಮಿಕ್ಸಿಯ ಹೊಟ್ಟೆ, ಗೀಸರಿನ ತಲೆ ಎಲ್ಲ ಬಿಚ್ಚಿಯಾಗಿತ್ತು. ಅವಳ ಕೈಗೆ ಸಿಕ್ಕದೆ ಉಳಿದದ್ದು ಈ ಸೈಕಲ್ಲು ಒಂದೇ. ಖುಷಿ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. ಮಗಳ ಬದುಕಿನ ಅರ್ಧ ಈ ಎರಡು ಚಕ್ರದ ಮೇಲೆಯೇ ಓಡುತ್ತಿದ್ದರೂ ತಾಯಿಗೆ ಅದು ಬಾಗಿಲು ಹಾಕಿದ ಕೋಣೆ. ಹಾಗೆಂದು ಅವಳಿಗೆ ಬೇಜಾರಿತ್ತು.

ಇವತ್ತು ನವಮಿ. ಗಂಡ ಪ್ರಾಣೇಶ ಹಡಗುಕಟ್ಟೆಗೆ ರಜೆಯಿದ್ದುದರಿಂದ ಬೆಳಗ್ಗೆಯೇ ಮಡಿಯುಟ್ಟು, ಆಯುಧಪೂಜೆಗೆಂದು ಸ್ಕೂಟರು, ಸ್ಪ್ಯಾನರು, ಈಳಿಗೆಮಣೆಗಳನ್ನೆಲ್ಲ ಸಾಲಾಗಿ ಇಟ್ಟಿದ್ದ. ಖುಷಿ ರಾತ್ರಿಯೆಲ್ಲ ದುರ್ಗಾಪೂಜೆಯ ಪೆಂಡಾಲು ಸುತ್ತಿ ಬಂದು ಗೊರಕೆ ಹೊಡೆಯುತ್ತಿದ್ದಳು. ಸಂಜೆ ಅವಳಿಗೆ ಮತ್ತೆ ಪುರುಲಿಯಾದ ರೈಲು. ನಾಳೆ ಅದೇ ಗುಡ್ಡದಿಂದ ಸೈಕಲ್ಲಿನಲ್ಲಿ ಇಳಿಯುವುದಿತ್ತು. ಕೊಳೆ ತೊಳೆಯದ ವಾಹನಕ್ಕೆ ಕುಂಕುಮ ಹಚ್ಚುವುದುಂಟೇ? ಹಬ್ಬವೇ ಅಪ್ಪಣೆ ಕೊಟ್ಟಿತೆಂದುಕೊಂಡು ವಿಶಾಲಾಕ್ಷಿ ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿದಳು.

ಪ್ರಾಣೇಶ ಕಾರು ತೊಳೆಯುವ ಪ್ರೆಷರ್ ಪೈಪು ತರುತ್ತೇನೆಂದ. ಅವಳು ಬೇಡವೆಂದಳು. ಖುಷಿ ಫೋನಿನಲ್ಲಿ ಯಾರಿಗೋ ಬೈಯುವಾಗ ಅವಳ ಕಿವಿಗೆ ಬಿದ್ದಿತ್ತು: ಜೋರು ನೀರು ಚಕ್ರದ ನಡುವಿನ ಬೇರಿಂಗಿಗೆ ನುಗ್ಗಿದರೆ ಗ್ರೀಸು ತೊಳೆದುಹೋಗಿ ತುಕ್ಕು ಹಿಡಿಯುತ್ತದಂತೆ. ಅದಕ್ಕೇ ಬಕೆಟ್ಟು, ಚೊಂಬು. ಒಣಗಿದ ಕೆಸರನ್ನು ಉಜ್ಜಿದರೆ ಬಣ್ಣ ಗೀರಿಹೋಗುತ್ತದೆಂದು ಮೊದಲು ನೀರು ಚಿಮುಕಿಸಿ ನೆನೆಯಲು ಬಿಟ್ಟಳು. ಮೈಗೆ ಮೆತ್ತನೆಯ ಬಟ್ಟೆ, ಚೈನಿಗೆ ಹಳೆಯ ಹಲ್ಲುಜ್ಜುವ ಬ್ರಶ್ಶು. ಒಂದಕ್ಕೆ ಬಳಸಿದ್ದನ್ನು ಇನ್ನೊಂದಕ್ಕೆ ಮುಟ್ಟಿಸಲಿಲ್ಲ. ಕೆಂಪು ನೀರು ಮೋರಿಗೆ ಹರಿಯುತ್ತಿದ್ದರೆ ಅವಳಿಗೆ ಮಗಳು ಇಳಿದ ಗುಡ್ಡವೇ ಕರಗಿ ಬರುತ್ತಿದೆಯೆನಿಸಿ ಹಿಗ್ಗಾಯಿತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮೈಸೂರಿನ ತವರಿನಲ್ಲಿ ಆಯುಧಪೂಜೆಯೆಂದರೆ ಹೊಲಿಗೆಯಂತ್ರದಿಂದ ಹಿಡಿದು ಅಡಕತ್ತರಿಯವರೆಗೆ ಕೊಬ್ಬರಿ ಎಣ್ಣೆಯ ಬಟ್ಟೆಯಲ್ಲಿ ಒರೆಸಿ ಮಿರಮಿರ ಮಿಂಚಿಸಬೇಕು. ಅವಳು ಸೈಕಲ್ಲಿನ ಹಿಡಿಯಿಂದ ಪೆಡಲಿನವರೆಗೆ ಒರೆಸಿದಳು. ಒಂದೊಂದು ಚಕ್ರದ ನಡುವೆ ಒಂದೊಂದರಂತೆ ತೂತು ತೂತಿನ ಎರಡು ಬೆಳ್ಳಿ ತಟ್ಟೆಗಳಿದ್ದವು. ಅವು ಎಷ್ಟು ಚೆಂದವೆಂದರೆ ಅವಕ್ಕೆ ಎರಡು ಸಲ ಎಣ್ಣೆಯಾಯಿತು.

ಪೂಜೆ ಮುಗಿಸಿ ಪ್ರಾಣೇಶ ಸೈಕಲ್ಲಿನ ಚಕ್ರದ ಮುಂದೆ ನಿಂಬೆಹಣ್ಣಿಟ್ಟ. ಅದರ ಮೇಲೆ ವಾಹನ ಹರಿಯಬೇಕು, ಆಗಲೇ ಪೂಜೆ ಪೂರ್ತಿ. ಮಗಳನ್ನು ಎಬ್ಬಿಸಿದರೆ ಏಳಲಿಲ್ಲ, ರಾಹುಕಾಲ ಬೇರೆ ಬಾಗಿಲಲ್ಲೇ ನಿಂತಿತ್ತು. ತಳ್ಳಿಬಿಡು ಎಂದ ಪ್ರಾಣೇಶ. ವಿಶಾಲಾಕ್ಷಿ ತಳ್ಳಲಿಲ್ಲ, ಹತ್ತಿಯೇಬಿಟ್ಟಳು. ಕಾಲೇಜಿನ ನಂತರ ಸೈಕಲ್ಲು ಮುಟ್ಟಿರದ ಹೆಂಗಸು, ಚೂಡಿದಾರದಲ್ಲಿ, ಹಣೆಯ ತುಂಬ ಕುಂಕುಮ.

ನಿಂಬೆಹಣ್ಣು ಪಚಕ್ಕೆಂದಿತು. ಅಲ್ಲಿಗೇ ಇಳಿಯಬಹುದಿತ್ತು, ಆದರೆ ಸೈಕಲ್ಲು ಬೆಣ್ಣೆಯಂತೆ ಓಡಿತು. ನದಿಯ ಕಡೆಯ ಇಳಿಜಾರು ಬಂದಾಗ ಬ್ರೇಕು ಹಿಡಿದಳು. ಹಿಡಿ ಗಟ್ಟಿಯಾಗಿಯೇ ಇತ್ತು, ಸೈಕಲ್ಲು ಮಾತ್ರ ಕೇಳಲಿಲ್ಲ. ಇನ್ನೂ ಬಲವಾಗಿ ಹಿಚುಕಿದಳು. ಪೆಂಡಾಲಿನ ಮುಂದೆ ಢಾಕ್ ಬಾರಿಸುತ್ತಿದ್ದವರು ಹೌಹಾರಿ ಪಕ್ಕಕ್ಕೆ ಸರಿದರು. ಚಪ್ಪಲಿ ಉಜ್ಜಿಸುತ್ತ ಹೋಗಿ, ಪೆಂಡಾಲು ಕಟ್ಟಿ ಮಿಕ್ಕ ಬಿದಿರಿನ ರಾಶಿಗೆ ಒರಗಿ ನಿಂತಳು. ಏಟೇನೂ ಆಗಲಿಲ್ಲ.

ನಡೆಸಿಕೊಂಡು ವಾಪಸು ಬರುವಾಗ ತಲೆ ಬೇರೆಯದೇ ಕೆಲಸದಲ್ಲಿತ್ತು. ಹಿಡಿ ಸರಿಯಿದ್ದೂ ಬ್ರೇಕು ಯಾಕೆ ಹಿಡಿಯಲಿಲ್ಲ? ಚಕ್ರ ಎತ್ತಿ ತಿರುಗಿಸಿ, ಹಿಡಿ ಒತ್ತಿ, ಬಗ್ಗಿ ನೋಡಿದಳು. ಎರಡು ಪುಟ್ಟ ಬಿಲ್ಲೆಗಳು ಎರಡು ಬದಿಯಿಂದ ಬಂದು ಕಚ್ಚುತ್ತಿದ್ದುದು ಆ ಬೆಳ್ಳಿ ತಟ್ಟೆಯನ್ನೇ. ಬೆರಳು ಸವರಿ ಮೂಸಿದಳು. ಕೊಬ್ಬರಿ ಎಣ್ಣೆ.

ಅರ್ಥವಾದ ಸಂತೋಷ ಒಂದು ಕ್ಷಣ ಮಾತ್ರ. ನಾಳೆ ಇದೇ ಬ್ರೇಕನ್ನು ನಂಬಿ ಖುಷಿ ಗುಡ್ಡ ಇಳಿಯುವವಳು.

ಪಾತ್ರೆ ಸೋಪಿನಿಂದ ತಟ್ಟೆಗಳನ್ನು ತಿಕ್ಕಿದಳು, ಒರೆಸಿದಳು. ಈಗ ಕೈಯಲ್ಲಿ ತಿರುಗಿಸಿದ ಚಕ್ರ ಬ್ರೇಕಿಗೆ ನಿಂತಿತು. ಸರಿಹೋಯಿತಲ್ಲ, ಹಬ್ಬದ ದಿನ ಯಾಕೆ ರಂಪ, ಹೇಳಬೇಡ ಎಂದ ಪ್ರಾಣೇಶ. ಹೇಳಿದರೆ ಮಗಳು ಇನ್ನೆಂದೂ ಸೈಕಲ್ಲಿನ ಹತ್ತಿರ ಬಿಟ್ಟುಕೊಳ್ಳುವುದಿಲ್ಲವೆಂದು ವಿಶಾಲಾಕ್ಷಿಗೂ ಗೊತ್ತಿತ್ತು. ಆದರೆ ಬಿಲ್ಲೆಗಳು ಎಣ್ಣೆ ಕುಡಿದಿದ್ದರೆ? ಬರಿ ಚಕ್ರ ನಿಲ್ಲುವುದು ಬೇರೆ, ಮಗಳ ಭಾರ ಹೊತ್ತ ಚಕ್ರ ನಿಲ್ಲುವುದು ಬೇರೆ. ಅವಳು ಮೆಟ್ಟಿಲು ಹತ್ತಿ ಹೋಗಿ ಖುಷಿಯನ್ನು ಅಲುಗಾಡಿಸಿ ಎಬ್ಬಿಸಿದಳು.

"ನಿನ್ನ ಬ್ರೇಕಿಗೆ ಎಣ್ಣೆ ಹಚ್ಬಿಟ್ಟೆ ಕಣೆ. ಸೈಕಲ್ಲು ನಿಲ್ಲಲೇ ಇಲ್ಲ. ನಾನೇ ಓಡ್ಸಿ ನೋಡ್ದೆ."

ಖುಷಿ ಕಣ್ಣುಜ್ಜಿಕೊಂಡು ಎದ್ದು ಕೂತಳು. ತಾಯಿ ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದಳು.

"ನೀನು ರೈಡ್ ಮಾಡಿದ್ಯಾ?" ಎಂದಳು ಮಗಳು. "ಎಲ್ಲಿ ತನಕ?"

ಬೈಗುಳ ಬರಲಿಲ್ಲವೆಂದಲ್ಲ, ಕೆಳಗೆ ಬಂದು ಬಿಲ್ಲೆ ಬಿಚ್ಚಿ ನೋಡಿದ ಮೇಲೆ ಹಿಂದಿ, ಬಂಗಾಳಿ ಎರಡರಲ್ಲೂ ಬಂತು. ಎಣ್ಣೆ ಕುಡಿದ ಪ್ಯಾಡುಗಳು ಇನ್ನು ಕೆಲಸಕ್ಕೆ ಬರುವುದಿಲ್ಲವಂತೆ. ಪುಣ್ಯಕ್ಕೆ ಅವಳ ಚೀಲದಲ್ಲಿ ಹೊಸವಿದ್ದವು. ಪ್ರಾಣೇಶನ ಇನ್ಸುಲಿನ್ ಡಬ್ಬಿಯ ಪಕ್ಕದ ಸ್ಪಿರಿಟ್ಟಿನಲ್ಲಿ ತಟ್ಟೆ ಒರೆಸಿದ್ದಾಯಿತು. ವಿಶಾಲಾಕ್ಷಿ ಚಕ್ರ ಹಿಡಿದುಕೊಂಡು, ಇದೇನು, ಅದೇನು ಎಂದು ಕೇಳುತ್ತಲೇ ಇದ್ದಳು. ಮೊದಮೊದಲು ಹೂಂಗುಟ್ಟುತ್ತಿದ್ದ ಖುಷಿ ಬರಬರುತ್ತ ಉತ್ತರ ಕೊಡತೊಡಗಿದಳು.

"ಹೊಸ ಪ್ಯಾಡ್ ಕೂಡ್ಲೇ ಹಿಡಿಯಲ್ಲ ಅಮ್ಮ," ಎಂದಳು ಕೊನೆಗೆ. "ಸ್ಪೀಡ್ ಹೋಗ್ಬೇಕು, ಸ್ಲೋ ಬ್ರೇಕ್ ಮಾಡ್ಬೇಕು, ಫಿರ್ ಸೆ, ಮತ್ತೆ ಮತ್ತೆ. ಹಿಡಿಯೋ ತನಕ. ನಂಗೆ ಪ್ಯಾಕಿಂಗ್ ಇದೆ. ನೀನು ಮಾಡು."

ವಿಶಾಲಾಕ್ಷಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಖುಷಿ ತನ್ನ ಹೆಲ್ಮೆಟ್ಟನ್ನು ತಾಯಿಯ ತಲೆಗೆ ಇಟ್ಟು ಪಟ್ಟಿ ಬಿಗಿದಳು. ಕುಂಕುಮ ಹಣೆಯುದ್ದಕ್ಕೂ ಹರಡಿತು. ಈ ಸಲ ಸಮತಟ್ಟಾದ ಕಡೆ ಹೋಗು ಎಂದು ಎಚ್ಚರಿಸಿದಳು.

ಮೊದಲ ಸಲ ಬ್ರೇಕು ಜಾರಿತು, ಮತ್ತೊಂದು ಸಲ ಕೀರಲು ದನಿ ತೆಗೆಯಿತು. ಸುತ್ತು ಹೊಡೆದಂತೆ ಸ್ವಲ್ಪ ಸ್ವಲ್ಪವೇ ಬಿಗಿಯಾಗುತ್ತಿರುವುದು ಅಂಗೈಗೆ ತಿಳಿಯುತ್ತಿತ್ತು. ಕೊನೆಗೊಮ್ಮೆ ಸೈಕಲ್ಲು ಅವಳು ಹೇಳಿದಲ್ಲಿ, ಹೇಳಿದ ಹಾಗೆ ನಿಂತಿತು.

ಖುಷಿ ಪ್ಯಾಕಿಂಗಿಗೆ ಹೋಗಿರಲೇ ಇಲ್ಲ, ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ವಿಶಾಲಾಕ್ಷಿ ಏದುಸಿರು ಬಿಡುತ್ತ ಬಂದು, ಆ ಕೆಂಪು ಮಣ್ಣಿನ ಗುಡ್ಡ ಎಷ್ಟು ಇಳಿಜಾರು ಎಂದು ಕೇಳಿದಳು.

ಖುಷಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಕೂತ್ಕೋ," ಎಂದು ಕೈಯನ್ನು ಇಳಿಜಾರಾಗಿ ಹಿಡಿದು, ಗುಡ್ಡದ ತುದಿಯಿಂದ ಹೇಳಲು ಶುರುಮಾಡಿದಳು.